ಅಪ್ಪಯ್ಯನ ಗಡಿಯಾರದ ಬೆನ್ನಿನ ಸಂಖ್ಯೆ



ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಎಂಟನೆಯ ತರಗತಿಗೆ ನಾನು ಹೇಳುತ್ತಿದ್ದ ಮೊದಲ ಪಾಠ ನಿಮಗೆ ನೆನಪಿರಬಹುದು: ‘ಇತಿಹಾಸದ ಆಧಾರಗಳು’. ತಾಮ್ರಪಟದಲ್ಲಿ ಕೊರೆದ ಮಾತ್ರಕ್ಕೆ ಎಲ್ಲವೂ ಸತ್ಯವಲ್ಲ, ಗಂಗರ ಹೆಸರಿನಲ್ಲಿ ದೊರೆತ ಹಲವು ತಾಮ್ರಪಟಗಳನ್ನು ಫ್ಲೀಟ್ ಎಂಬ ವಿದ್ವಾಂಸರು ಲಿಪಿ, ತಿಥಿಗಳನ್ನು ಪರೀಕ್ಷಿಸಿ ಕೂಟಶಾಸನಗಳೆಂದು ವಾದಿಸಿದರು ಎಂದು ವಿವರಿಸುತ್ತಿದ್ದೆ. ಒಂದು ಆಧಾರವನ್ನು ಇನ್ನೊಂದರೊಡನೆ ಹೋಲಿಸದೆ ತೀರ್ಪು ಕೊಡಬಾರದು ಎಂಬುದು ಆ ಪಾಠದ ಸಾರ. ನಿವೃತ್ತನಾದ ಮೇಲೆ ಅದೇ ಪಾಠದಲ್ಲಿ ನಾನೇ ಅನುತ್ತೀರ್ಣನಾದ ಪ್ರಸಂಗವೊಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೈಯಲ್ಲಿರುವ ಸೀಕೋ ಗಡಿಯಾರವನ್ನು ನೀವೆಲ್ಲರೂ ನೋಡಿದ್ದೀರಿ. ಕುವೈತಿನಲ್ಲಿ ಉದ್ಯೋಗದಲ್ಲಿದ್ದ ಭಾವ 1973ರಲ್ಲಿ ಮೊದಲ ರಜೆಗೆ ಊರಿಗೆ ಬಂದಾಗ ಅದನ್ನು ಅಪ್ಪಯ್ಯನಿಗೆ ಉಡುಗೊರೆಯಾಗಿ ತಂದರು. ಆಗ ನಮ್ಮ ಕಡೆ ಕೈಗಡಿಯಾರವೆಂದರೆ ಬೆಂಗಳೂರಿನ ಎಚ್.ಎಂ.ಟಿ. ಮಾತ್ರ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಆರಂಭವಾಗಿದ್ದ ಆ ಕಾರ್ಖಾನೆಯ ಗಡಿಯಾರಕ್ಕೂ ಜನರು ಕಾಯಬೇಕಿತ್ತು. ಹೀಗಿರುವಾಗ ಕೀಲಿ ಕೊಡದೆಯೇ ನಡೆಯುವ, ವಾರ ತಾರೀಖುಗಳೆರಡನ್ನೂ ತೋರಿಸುವ ಗಡಿಯಾರ ನಮ್ಮ ಕೇರಿಗೆಲ್ಲ ವಿಸ್ಮಯವಾಗಿತ್ತು. ಅಪ್ಪಯ್ಯ 1977ರಲ್ಲಿ ತೀರಿಕೊಂಡರು. ಅಂದಿನಿಂದ ಅದು ನನ್ನ ಕೈಯಲ್ಲಿದೆ.

ಕಳೆದ ವರ್ಷ ರಜೆಗೆ ಬಂದ ಮಗ, ‘ಇದು ಅಸಲಿಯೋ, ಬಿಡಿಭಾಗ ಬದಲಿಸಿದ್ದೋ?’ ಎಂದು ಕೇಳಿದ. ಆ ಪ್ರಶ್ನೆ ನನ್ನನ್ನು ಓದಿಗೆ ಹಚ್ಚಿತು.

ಕಿಂತಾರೋ ಹತ್ತೋರಿ ಎಂಬವರು 1881ರಲ್ಲಿ ಟೋಕಿಯೋದಲ್ಲಿ ತೆರೆದ ಅಂಗಡಿಯಿಂದ ಬೆಳೆದ ಸಂಸ್ಥೆಯಿದು. ‘ಸೀಕೋ’ ಎಂಬ ಹೆಸರು ಗಡಿಯಾರದ ಮುಖದ ಮೇಲೆ ಮೊದಲು ಬಂದದ್ದು 1924ರಲ್ಲಿ. ‘ಸೀಕೋ 5’ ಮಾಲಿಕೆ 1963ರಲ್ಲಿ ಹುಟ್ಟಿತು. ತಾನೇ ಸುತ್ತಿಕೊಳ್ಳುವ ಯಂತ್ರ, ಒಂದೇ ಕಿಟಕಿಯಲ್ಲಿ ವಾರ ಮತ್ತು ತಾರೀಖು, ನೀರಿನಿಂದ ರಕ್ಷಣೆ, ನಾಲ್ಕು ಗಂಟೆಯ ಬಳಿ ಹುದುಗಿದ ಗುಂಡಿ, ಗಟ್ಟಿಮುಟ್ಟಾದ ಕವಚ ಇವು ಆ ಐದರ ಅರ್ಥ.

ಈ ಗಡಿಯಾರಗಳ ಬೆನ್ನಿನ ಮುಚ್ಚಳದ ಮೇಲೆ ಎರಡು ಬಗೆಯ ಸಂಖ್ಯೆಗಳಿರುತ್ತವೆ. ನಡುವೆ ಅಡ್ಡಗೆರೆಯಿರುವ ಸಂಖ್ಯೆಯಲ್ಲಿ ಮೊದಲ ನಾಲ್ಕು ಅಂಕೆಗಳು ಒಳಗಿನ ಯಂತ್ರದ ಮಾದರಿಯನ್ನೂ, ಅನಂತರದವು ಕವಚದ ಮಾದರಿಯನ್ನೂ ಸೂಚಿಸುತ್ತವೆ. ಇನ್ನೊಂದು ಕ್ರಮಸಂಖ್ಯೆ. ಅದರ ಮೊದಲ ಅಂಕೆ ತಯಾರಾದ ವರ್ಷದ ಕೊನೆಯ ಅಂಕೆ, ಎರಡನೆಯದು ತಿಂಗಳು. ಒಂದರಿಂದ ಒಂಬತ್ತರವರೆಗೆ ಅಂಕೆಗಳು, ಅಕ್ಟೋಬರಿಗೆ ಸೊನ್ನೆ ಅಥವಾ ‘ಓ’, ನವೆಂಬರಿಗೆ ‘ಎನ್’, ಡಿಸೆಂಬರಿಗೆ ‘ಡಿ’. ದಶಕ ಯಾವುದೆಂದು ಮಾತ್ರ ಕ್ರಮಸಂಖ್ಯೆ ಹೇಳುವುದಿಲ್ಲ. ಆ ಯಂತ್ರದ ಮಾದರಿ ಯಾವ ಕಾಲದಲ್ಲಿ ತಯಾರಾಗುತ್ತಿತ್ತು ಎಂಬುದನ್ನು ನೋಡಿ ನಾವೇ ನಿರ್ಧರಿಸಬೇಕು.

ಭೂತಗನ್ನಡಿ ಹಿಡಿದು ನೋಡಿದೆ. ಯಂತ್ರದ ಮಾದರಿ 7009, ಕ್ರಮಸಂಖ್ಯೆಯ ಮೊದಲೆರಡು ಅಂಕೆಗಳು 8 ಮತ್ತು 3. ಆ ಮಾದರಿ ಬಂದದ್ದೇ 1970ರ ದಶಕದ ಉತ್ತರಾರ್ಧದಲ್ಲಿ. ಆದ್ದರಿಂದ 1968ರ ಮಾತೇ ಇಲ್ಲ. 1978ರ ಮಾರ್ಚ್, ಇಲ್ಲವೇ 1988ರ ಮಾರ್ಚ್. ಅಪ್ಪಯ್ಯ ತೀರಿಕೊಂಡ ಮೇಲೆ ತಯಾರಾದ ಗಡಿಯಾರ ಅಪ್ಪಯ್ಯನದಾಗುವುದು ಹೇಗೆ?

ಆಗಲೇ ನಾನು ತಪ್ಪು ಮಾಡಿದೆ. ಅಂದೇ ಸಂಜೆ ಅಕ್ಕನಿಗೆ ಫೋನು ಮಾಡಿ, ಏನೋ ಮಹಾ ಸಂಶೋಧನೆ ಮಾಡಿದವನಂತೆ, ‘ಅಕ್ಕಾ, ಇದು ಭಾವ ತಂದ ಗಡಿಯಾರ ಅಲ್ಲ’ ಎಂದುಬಿಟ್ಟೆ. ಅಕ್ಕನಿಗೆ ಈಗ ಎಪ್ಪತ್ತೆಂಟು. ಭಾವ ತೀರಿಕೊಂಡು ವರ್ಷಗಳೇ ಆಗಿವೆ. ಅವರು ಮುಂಬಯಿಯಿಂದ ಹಡಗು ಹತ್ತಿದ ಮೇಲೆ ಎರಡು ವರ್ಷ ಪತ್ರಗಳನ್ನೇ ನೆಚ್ಚಿ ಕುಳಿತವಳು ಅವಳು. ಸ್ವಲ್ಪ ಹೊತ್ತು ಮಾತೇ ಇಲ್ಲ. ಅನಂತರ, ‘ಹಾಗಾದ್ರೆ ಅವರು ತಂದದ್ದು ಎಲ್ಲಿ ಹೋಯ್ತು?’ ಎಂದಳು. ಆ ಪ್ರಶ್ನೆಗೆ ಎರಡೇ ಉತ್ತರಗಳಿದ್ದವು. ಭಾವ ಹೇಳಿದ್ದು ಸುಳ್ಳು, ಇಲ್ಲವೇ ಅದನ್ನು ನಾನು ಕಳೆದುಕೊಂಡಿದ್ದೇನೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಉಡುಪಿಗೆ ಹೋಗಿ, ಪರಿಚಯದ ಹಿರಿಯ ರಿಪೇರಿಗಾರರೊಬ್ಬರಿಂದ ಮುಚ್ಚಳ ಬಿಚ್ಚಿಸಿದೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ತೂಗಾಡುವ ಸಣ್ಣ ಚಕ್ರದ ಪಕ್ಕದಲ್ಲಿ ಕೊರೆದಿದ್ದ ಅಕ್ಷರಗಳನ್ನು ನಿಧಾನವಾಗಿ ಓದಿದರು: 6119. ಡಯಲ್ಲಿನ ಕೆಳ ಅಂಚಿನಲ್ಲಿ, ಆರು ಗಂಟೆಯ ಗುರುತಿನ ಎರಡೂ ಬದಿಗೆ, ಸಾಸಿವೆಗಿಂತ ಸಣ್ಣದಾಗಿ ಮುದ್ರಿಸಿದ್ದ ಸಂಖ್ಯೆಯೂ 6119ರಿಂದಲೇ ಆರಂಭವಾಗುತ್ತಿತ್ತು. ‘ಮಾಸ್ತರ್ರೇ, ಒಳಗಿನದು ಹಳತು, ಮುಚ್ಚಳ ಮಾತ್ರ ಬೇರೆ ಗಡಿಯಾರದ್ದು’ ಎಂದರು.

6119 ಎಂಬುದು 1960ರ ದಶಕದ ಕೊನೆಯಲ್ಲಿ ಬಂದ, 7009ಕ್ಕಿಂತ ಹಿಂದಿನ ಯಂತ್ರ. ಅದು ನಾಗಾನೋ ಪ್ರಾಂತ್ಯದ ಸುವಾ ಕಾರ್ಖಾನೆಯದು, 7009 ಟೋಕಿಯೋದ ದೈನಿ ಕಾರ್ಖಾನೆಯದು. ಒಂದೇ ಸಂಸ್ಥೆಯ ಈ ಎರಡು ಕಾರ್ಖಾನೆಗಳು ಪರಸ್ಪರ ಸ್ಪರ್ಧಿಸುತ್ತ ಬೆಳೆದವು. ಅವೆರಡರ ವಸ್ತುಗಳೂ ನಮ್ಮ ಒಂದು ಗಡಿಯಾರದಲ್ಲಿ ಸೇರಿಕೊಂಡಿದ್ದವು.

ಇನ್ನೂ ಒಂದು ಸಾಕ್ಷಿ ನನ್ನ ಬೆರಳ ತುದಿಯಲ್ಲೇ ಇತ್ತು. 6119ರಲ್ಲಿ ಗುಂಡಿಯನ್ನು ಅರ್ಧ ಒತ್ತಿದರೆ ತಾರೀಖು, ಪೂರ್ತಿ ಒತ್ತಿದರೆ ವಾರ ಬದಲಾಗುತ್ತದೆ. 7009ರಲ್ಲಿ ಗುಂಡಿಯನ್ನು ಹೊರಗೆಳೆದು ತಿರುಗಿಸಬೇಕು. ನಲವತ್ತೇಳು ವರ್ಷಗಳಿಂದ ನಾನು ಗುಂಡಿಯನ್ನು ಒತ್ತುತ್ತಲೇ ಇದ್ದೆ. ವಾರದ ಹೆಸರುಗಳು ಇಂಗ್ಲಿಷಿನ ಜೊತೆಗೆ ಅರಬ್ಬಿಯಲ್ಲೂ ಇವೆ. ಕೊಲ್ಲಿಯ ಪೇಟೆಗೆಂದು ತಯಾರಾದದ್ದಕ್ಕೆ ಅದೇ ಕುರುಹು.

ಈ ಪರೀಕ್ಷೆ ಸುಮ್ಮನೆಯದಲ್ಲ. ಹಳೆಯ ಕವಚಕ್ಕೆ ಕಂಡ ಕಂಡ ಭಾಗಗಳನ್ನು ಸೇರಿಸಿ, ಡಯಲ್ಲಿಗೆ ಹೊಸ ಬಣ್ಣ ಬಳಿದು, ಹಳೆಯ ಗಡಿಯಾರವೆಂದು ಮಾರುವುದು ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದಿದೆ. ಅಂಥವುಗಳಲ್ಲಿ ಅಕ್ಷರದ ಅಂಚು ಒರಟಾಗಿರುತ್ತದೆ, ಡಯಲ್ಲಿನ ಕೆಳಗಿನ ಸೂಕ್ಷ್ಮ ಸಂಖ್ಯೆ ಬಣ್ಣದಡಿ ಅಳಿಸಿಹೋಗಿರುತ್ತದೆ. ಒಂದು ಎಚ್ಚರಿಕೆಯೂ ಬೇಕು. ಡಯಲ್ಲಿನ ಸಂಖ್ಯೆಯ ಉತ್ತರಾರ್ಧವು ಮುಚ್ಚಳದ ಸಂಖ್ಯೆಯೊಡನೆ ಹೊಂದದಿದ್ದರೆ ಅದು ದೋಷವಲ್ಲ, ಅವೆರಡೂ ಬೇರೆ ಬೇರೆ ಸಂಕೇತಗಳು. ಆದರೆ ಯಂತ್ರವನ್ನು ಸೂಚಿಸುವ ಮೊದಲ ನಾಲ್ಕು ಅಂಕೆಗಳು ಮೂರೂ ಕಡೆ ಹೊಂದಬೇಕು.

ಹಾಗಾದರೆ ಮುಚ್ಚಳ ಬದಲಾದದ್ದು ಯಾವಾಗ? ಮನೆಗೆ ಬಂದು ನನ್ನ ಹಳೆಯ ಖರ್ಚಿನ ಡೈರಿಗಳನ್ನು ಅಟ್ಟದಿಂದ ಇಳಿಸಿದೆ. ಎರಡು ದಿನಗಳ ಹುಡುಕಾಟದ ಬಳಿಕ 1990ರ ಜುಲೈ ತಿಂಗಳ ಪುಟವೊಂದರಲ್ಲಿ, ಮಗನ ಔಷಧಿಗೂ ಸೀಮೆಎಣ್ಣೆಗೂ ನಡುವೆ, ನನ್ನದೇ ಅಕ್ಷರದಲ್ಲಿ ಹೀಗಿತ್ತು: ‘ವಾಚು ರಿಪೇರಿ, ಮುಚ್ಚಳ ಬದಲು, ರೂ. 60.’ ಬೆವರಿಗೆ ಮುಚ್ಚಳದ ಅಂಚು ಸವೆದು ಮಳೆನೀರು ಒಳಗೆ ಇಳಿಯುತ್ತಿದ್ದುದು ಆಗ ನೆನಪಾಯಿತು. ದುಡ್ಡು ಕೊಟ್ಟವನೂ ನಾನೇ, ಬರೆದಿಟ್ಟವನೂ ನಾನೇ, ಮರೆತವನೂ ನಾನೇ.

ಫೋನು ಮಾಡದೆ, ಬಸ್ಸು ಹಿಡಿದು ಅಕ್ಕನ ಮನೆಗೇ ಹೋದೆ. ಡೈರಿಯನ್ನು ತೋರಿಸಿ ಎಲ್ಲವನ್ನೂ ವಿವರಿಸಿದೆ. ಅವಳು ಕೇಳಿಸಿಕೊಂಡು, ‘ನಂಬ್ರ ಗಿಂಬ್ರ ನಂಗೆ ಗೊತ್ತಿಲ್ಲ ಮಾರಾಯ. ಜಗಲಿಯಲ್ಲಿ ಕೂತು ಅವರು ಅಪ್ಪಯ್ಯನಿಗೆ ಗುಂಡಿ ಒತ್ತುವುದನ್ನು ಹೇಳಿಕೊಡುವಾಗ ನಾನು ಅಲ್ಲೇ ನಿಂತಿದ್ದೆ’ ಎಂದಳು.

ನಾನು ಮೊದಲು ಕೇಳಬೇಕಾಗಿದ್ದ ಸಾಕ್ಷಿ ಅದೇ. ಮೂಲ ಮುಚ್ಚಳದೊಂದಿಗೆ ಕ್ರಮಸಂಖ್ಯೆಯೂ ಹೋದದ್ದರಿಂದ, ಆ ಗಡಿಯಾರ ತಯಾರಾದ ವರ್ಷವನ್ನು ಖಚಿತವಾಗಿ ಹೇಳಲು ಈಗ ಸಾಧ್ಯವಿಲ್ಲ. ಅದು ನಮ್ಮ ಮನೆಗೆ ಬಂದ ವರ್ಷಕ್ಕೆ ಅಕ್ಕನ ನೆನಪೊಂದೇ ಆಧಾರ. ಯಂತ್ರ, ಡಯಲ್ಲು, ವಾರದ ಚಕ್ರ ಮೂರೂ ಅದನ್ನು ಸಮರ್ಥಿಸುತ್ತವೆ.

‘ಹಳೆಯ ಮುಚ್ಚಳ ಹುಡುಕಿ ತರಿಸುತ್ತೇನೆ’ ಎಂದು ಮಗ ಹೇಳಿದ. ಬೇಡವೆಂದೆ. 1990ರ ಮುಚ್ಚಳವೂ ಈ ಗಡಿಯಾರದ ಇತಿಹಾಸದ ಭಾಗವೇ. ಅದರ ಬದಲು, ಈ ಎಲ್ಲ ಸಂಗತಿಗಳನ್ನು ಚೀಟಿಯೊಂದರಲ್ಲಿ ಬರೆದು, ಅಕ್ಕನಿಂದ ರುಜು ಹಾಕಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ನಿಮ್ಮ ಮನೆಯಲ್ಲೂ ಇಂಥ ವಸ್ತುಗಳಿರಬಹುದು. ಅವುಗಳ ಮೇಲಿನ ಸಂಖ್ಯೆಗಳನ್ನು ಅವಶ್ಯವಾಗಿ ಬರೆದಿಟ್ಟುಕೊಳ್ಳಿ. ಆದರೆ ಮೊದಲು, ಅವುಗಳ ಕಥೆ ಬಲ್ಲ ಹಿರಿಯರ ಬಳಿ ಹೋಗಿ ಕುಳಿತು ಕೇಳಿ.