ಕಚೇರಿಗೆ ಗೋಡೆ ಬಂದ ಕಥೆ

ಕಚೇರಿ ಎಂದೊಡನೆ ನಾಲ್ಕು ಗೋಡೆ, ಮೇಜು, ಕುರ್ಚಿ, ಕಡತಗಳ ರಾಶಿ ಕಣ್ಣಿಗೆ ಕಟ್ಟುತ್ತವೆ. 2020ರ ಮಾರ್ಚಿನಲ್ಲಿ ಕೊರೊನಾ ಲಾಕ್‌ಡೌನ್ ಜಾರಿಯಾದಾಗ ಈ ಚಿತ್ರ ಕದಡಿತು. ವಾರದಲ್ಲಿ ಕೆಲವು ದಿನ ಮನೆ, ಕೆಲವು ದಿನ ಕಚೇರಿ ಎಂಬ ‘ಹೈಬ್ರಿಡ್’ ಪದ್ಧತಿ ಬೆಂಗಳೂರಿನಂಥ ನಗರಗಳಲ್ಲಿ ಬಳಕೆಗೆ ಬಂತು. ಒಳಾಂಗಣವೂ ಬದಲಾಯಿತು. ಒಬ್ಬರಿಗೊಂದು ಮೇಜಿನ ಬದಲು ಖಾಲಿ ಇದ್ದಲ್ಲಿ ಕೂರುವ ಉದ್ದನೆಯ ಮೇಜುಗಳು, ಸಾಮಾನಿಡಲು ಲಾಕರು, ಫೋನಿನಲ್ಲಿ ಮಾತನಾಡಲು ಸದ್ದು ಹೊರಹೋಗದ ಪುಟ್ಟ ಕೋಣೆ, ದೂರದ ಸಹೋದ್ಯೋಗಿಗಳನ್ನು ತೋರಿಸುವ ಪರದೆ ಬಂದವು.

ಇದೆಲ್ಲ ಹೊಸ ಕಾಲದ ಶೋಧ ಎನ್ನುವವರು ರಾಯಚೂರು ಜಿಲ್ಲೆಯ ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ಚರಿತ್ರೆಯನ್ನೊಮ್ಮೆ ನೋಡಬೇಕು. ಮನೆ ಮತ್ತು ಕಚೇರಿ ಬೇರೆಯಾದದ್ದು ಇಲ್ಲಿ ತೀರ ಈಚಿನ ಸಂಗತಿ.

ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯಲ್ಲಿ ಪತ್ತೆ ಮಾಡಿದ ಶಾಸನದಲ್ಲಿ ಅಶೋಕನ ಹೆಸರೇ ಕಾಣಿಸಿತು. ‘ದೇವಾನಾಂಪ್ರಿಯ’ ಯಾರೆಂಬ ಪ್ರಶ್ನೆಗೆ ಅದು ಉತ್ತರವಾಯಿತು. ಆ ದೊರೆಯ ಆಡಳಿತದ ರೀತಿಯನ್ನು ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೂ ಕೊರೆದಿರುವ ಹದಿನಾಲ್ಕು ಶಾಸನಗಳು ತಿಳಿಸುತ್ತವೆ. ಅಧಿಕಾರಿಗಳು ಐದು ವರ್ಷಕ್ಕೊಮ್ಮೆ ಸಂಚಾರ ಹೊರಡಬೇಕೆಂದು ಮೂರನೆಯ ಶಾಸನ ವಿಧಿಸುತ್ತದೆ. ತಾನು ಊಟಕ್ಕೆ ಕುಳಿತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ವಿಚಾರವನ್ನು ತಿಳಿಸಲು ವರದಿಗಾರರು ಬರಬಹುದೆಂದು ಆರನೆಯ ಶಾಸನ ಸಾರುತ್ತದೆ. ದೊರೆ ಇದ್ದಲ್ಲೇ ಕಚೇರಿ!

ಗೋಡೆಯಿಲ್ಲದ ಕಚೇರಿಯ ನೆನಪು ಪದಗಳಲ್ಲೂ ಉಳಿದಿದೆ. ‘ದಫ್ತರ’ ಪಾರಸಿಯಿಂದ ಬಂದ ಮಾತು. ಅದರ ಮೂಲ ಚರ್ಮ ಎಂಬರ್ಥದ ಗ್ರೀಕ್ ಪದ. ಲೆಕ್ಕ ಬರೆಯುವ ಪುಸ್ತಕಕ್ಕಿದ್ದ ಹೆಸರು ಕ್ರಮೇಣ ಪುಸ್ತಕವಿರುವ ಸ್ಥಳಕ್ಕೆ ಅಂಟಿಕೊಂಡಿತು. ಫ್ರೆಂಚರ ‘ಬ್ಯೂರೋ’ ಕೂಡ ಮೊದಲು ಮೇಜಿಗೆ ಹಾಸುವ ಒರಟು ಬಟ್ಟೆಯಾಗಿತ್ತು. ಅನಂತರ ಮೇಜಾಯಿತು, ಕೊನೆಗೆ ಕಚೇರಿಯಾಯಿತು.

ನಿಜಾಮರ ಕಾಲದಲ್ಲಿ ಊರಿನ ಜಮೀನಿನ ಲೆಕ್ಕ ಕುಲಕರ್ಣಿಯ ವಶದಲ್ಲಿತ್ತು. ಹುದ್ದೆ ವಂಶಪಾರಂಪರ್ಯವಾದದ್ದರಿಂದ ಬಟ್ಟೆಯಲ್ಲಿ ಕಟ್ಟಿದ ದಫ್ತರ ಬಹುಮಟ್ಟಿಗೆ ಅವನ ಮನೆಯಲ್ಲೇ ಇರುತ್ತಿತ್ತು. ಚಾವಡಿಯಲ್ಲಿ ಕೆಲವು ಹೊತ್ತು, ಪಡಸಾಲೆಯಲ್ಲಿ ಕೆಲವು ಹೊತ್ತು ಕೆಲಸ. ಜಮಖಾನ ಹಾಸಿದರೆ ಕಚೇರಿ, ಸುತ್ತಿಟ್ಟರೆ ಮನೆ. ಇಂದಿನ ಒಳಾಂಗಣ ವಿನ್ಯಾಸಕಾರರು ಬಯಸುವ ಅನುಕೂಲವೆಲ್ಲ ಅಲ್ಲಿತ್ತು. ಆದರೆ ಅದು ಯಾರಿಗೆ ಅನುಕೂಲ? ತನ್ನ ಹೊಲದ ಲೆಕ್ಕ ಕೇಳಲು ರೈತ ಇನ್ನೊಬ್ಬರ ಹೊಸ್ತಿಲಿಗೆ ಹೋಗಬೇಕಿತ್ತು. ಅಂಗಳದಲ್ಲಿ ನಿಲ್ಲಬೇಕೋ, ಕಟ್ಟೆಯ ಮೇಲೆ ಕೂರಬಹುದೋ ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಮನೆಯೇ ಕಚೇರಿಯಾದಾಗ ಮನೆಯ ಕಟ್ಟಳೆಯೇ ಕಚೇರಿಯ ಕಟ್ಟಳೆಯಾಗುತ್ತದೆ.

ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ದಂಡು ಬೀಡುಬಿಟ್ಟಿತ್ತು. 1905ರವರೆಗೆ ಅದು ಜಿಲ್ಲಾ ಕೇಂದ್ರವೂ ಆಗಿತ್ತು. ಮೇಜು–ಕುರ್ಚಿಯ ಆಡಳಿತ ಇಂಥ ಊರುಗಳ ಮೂಲಕವೇ ಒಳನಾಡಿಗೆ ಕಾಲಿಟ್ಟಿತು ಎನ್ನಬಹುದು. ಹಳ್ಳಿಯ ದಫ್ತರ ಮಾತ್ರ ಕುಲಕರ್ಣಿಯ ಮನೆಯಿಂದ ಕದಲಲಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ, ಸಂಬಳದ ಗ್ರಾಮ ಲೆಕ್ಕಿಗರು ಬಂದು ಆ ಗಂಟು ಸರ್ಕಾರದ ಕೈಸೇರಿತು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಪೇಟೆಯಾಗಿ ಬೆಳೆದ ಸಿಂಧನೂರಿನದು ಇನ್ನೊಂದು ಬಗೆ. ದಲಾಲಿ ಅಂಗಡಿಯ ಹಳೆಯ ವಿನ್ಯಾಸದಲ್ಲಿ ಗಾದಿ, ಲೋಡು, ಎದುರಿಗೊಂದು ಗಿಡ್ಡ ಮೇಜು, ಅದರ ಮೇಲೆ ಕಿರ್ದಿ ಪುಸ್ತಕ. ರೈತನೂ ಗಾದಿಯ ಅಂಚಿನಲ್ಲಿ ಕೂರಬಹುದು. ಆದರೆ ಪುಸ್ತಕ ತೆರೆದಿರುವುದು ಸಾಹುಕಾರನ ಕಡೆಗೆ.

ಈ ದಿಕ್ಕನ್ನು ತಿರುಗಿಸುವ ಪ್ರಯತ್ನ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಲ್ಲಿ ನಡೆಯಿತು. ಪಹಣಿಗಳು ಕಂಪ್ಯೂಟರಿಗೆ ಸೇರಿ, ತಾಲ್ಲೂಕು ಕೇಂದ್ರಗಳಲ್ಲಿ ಕಿಟಕಿಗಳು ತೆರೆದವು. ಅಲ್ಲಿ ಸಿಬ್ಬಂದಿಯ ಮುಂದೆ ಒಂದು ಪರದೆಯಾದರೆ, ರೈತನ ಕಡೆ ಮುಖಮಾಡಿದ ಇನ್ನೊಂದು ಪರದೆಯನ್ನೂ ಇಡಲಾಯಿತು. ತನ್ನ ಹೊಲದ ಬಗ್ಗೆ ಏನು ನಡೆಯುತ್ತಿದೆ ಎಂಬುದನ್ನು ಅವನೂ ನೋಡಲಿ ಎಂಬುದೇ ಉದ್ದೇಶ. ಒಳಾಂಗಣ ವಿನ್ಯಾಸವೆಂದರೆ ಬರಿಯ ಅಲಂಕಾರವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಮಸ್ಕಿ ಈಗ ಸ್ವತಃ ತಾಲ್ಲೂಕು. 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಅಲ್ಲಾಗಲಿ, ಬೆಂಗಳೂರಿನಲ್ಲಾಗಲಿ ಕಚೇರಿಯ ಗೋಡೆಗಳು ಮತ್ತೆ ತೆಳುವಾಗುವುದು ತಪ್ಪೇನಲ್ಲ. ನೌಕರನಿಗೆ ಪ್ರಯಾಣದ ದಣಿವು ತಗ್ಗುತ್ತದೆ. ಆದರೆ ಕೆಲಸ ಮಾಡುವವನು ಎಲ್ಲಿ ಕೂರಬೇಕು ಎಂಬುದರಷ್ಟೇ, ಕೆಲಸ ಕೇಳಿಕೊಂಡು ಬಂದವನು ಎಲ್ಲಿ ಕೂರಬೇಕು ಎಂಬುದೂ ಮುಖ್ಯ. ಈ ಎರಡನೆಯ ಕುರ್ಚಿಯನ್ನು ಮರೆತ ಕಚೇರಿ ಎಷ್ಟೇ ನವೀನವಾಗಿದ್ದರೂ ಹಳೆಯ ಪಡಸಾಲೆಯೇ.