ನೆಲೆಯಿಲ್ಲದ ಊರಿಗೆ ನೆಲೆ: ಮಾಲ್ಗುಡಿ ಮತ್ತು ಅದರ ಅಭಿಮಾನಿಗಳು

ಮೆಚ್ಚಿದ ಕಥೆಗೆ ತಮ್ಮ ಸುತ್ತಲಿನ ನೆಲದಲ್ಲಿ ಒಂದು ತಾಣವನ್ನು ಗುರುತಿಸಿಕೊಳ್ಳುವುದು ಕರ್ನಾಟಕದ ಜನರಲ್ಲಿ ಪ್ರಾಚೀನವಾದ ರೂಢಿ. ಹಂಪೆ-ಆನೆಗೊಂದಿಯ ಪರಿಸರ ಕಿಷ್ಕಿಂಧೆಯಾಯಿತು. ಅಂಜನಾದ್ರಿಯು ಹನುಮಂತನ ಜನ್ಮಸ್ಥಳವೆನಿಸಿತು. ಕೈವಾರವು ಏಕಚಕ್ರಪುರವೆಂದು ಹೆಸರಾಗಿ, ಅಲ್ಲಿನ ಬೆಟ್ಟವು ಭೀಮ-ಬಕಾಸುರರ ಕಥೆಯೊಡನೆ ಬೆಸೆದುಕೊಂಡಿತು. ಸ್ಥಳಪುರಾಣಗಳ ಹಿಂದಿರುವ ಈ ಪ್ರವೃತ್ತಿಯನ್ನು ಸಾಮಾನ್ಯವಾಗಿ ಧಾರ್ಮಿಕ ಶ್ರದ್ಧೆಯ ದೃಷ್ಟಿಯಿಂದ ವಿವೇಚಿಸುವುದುಂಟು. ಆದರೆ ಪೂಜೆಗೂ ಪುಣ್ಯಕ್ಕೂ ಸಂಬಂಧಿಸದ ಆಧುನಿಕ ಕಥಾಲೋಕವೊಂದರ ವಿಷಯದಲ್ಲಿಯೂ ಇದೇ ಪ್ರವೃತ್ತಿ ಕೆಲಸಮಾಡಿರುವುದಕ್ಕೆ ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ನಿದರ್ಶನವಾಗಿದೆ.

ನಾರಾಯಣ್ (1906–2001) ಹುಟ್ಟಿದ್ದು ಮದರಾಸಿನಲ್ಲಿ. ತಂದೆ ಮೈಸೂರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದುದರಿಂದ ಅವರ ಬಾಳಿನ ಬಹುಭಾಗ ಆ ನಗರದಲ್ಲಿ ಕಳೆಯಿತು. ಬೆಂಗಳೂರಿನಲ್ಲಿ ಅಜ್ಜಿ ಆರಿಸಿಕೊಟ್ಟ ಶುಭದಿನದಂದು ಹೊಸ ನೋಟುಪುಸ್ತಕವೊಂದನ್ನು ಕೊಂಡು ಬರೆಯತೊಡಗಿದಾಗ, ಪುಟ್ಟ ರೈಲುನಿಲ್ದಾಣವೊಂದರೊಡನೆ ಮಾಲ್ಗುಡಿ ಕಣ್ಣಮುಂದೆ ಮೂಡಿತೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಗ್ರಹಾಂ ಗ್ರೀನ್ ಅವರ ನೆರವಿನಿಂದ 1935ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಸರಯೂ ನದಿ, ಮೆಂಪಿ ಬೆಟ್ಟ, ಕಬೀರ್ ಬೀದಿ, ಆಲ್ಬರ್ಟ್ ಮಿಷನ್ ಶಾಲೆಗಳು ಕೃತಿಯಿಂದ ಕೃತಿಗೆ ಮರುಕಳಿಸುತ್ತ ಓದುಗರಿಗೆ ನಿಜವಾದ ಊರಿನಷ್ಟೇ ಪರಿಚಿತವಾದವು. ಆದರೂ ಮಾಲ್ಗುಡಿಯನ್ನು ದಕ್ಷಿಣ ಭಾರತದ ಒಂದು ಊರೆಂದರೆ ಅದು ಅರ್ಧಸತ್ಯ ಮಾತ್ರವೆಂದೂ, ಅಲ್ಲಿನ ಜನರನ್ನು ನ್ಯೂಯಾರ್ಕಿನಲ್ಲಿಯೂ ಕಾಣಬಹುದೆಂದೂ ನಾರಾಯಣ್ ನಂಬಿದ್ದರು.

ಲೇಖಕರು ಹೀಗೆ ಬಯಲಿನಲ್ಲಿ ಬಿಟ್ಟ ಊರಿಗೆ ಎಲ್ಲೆಗಳನ್ನು ಗುರುತಿಸಿದವರು ಓದುಗರು. ವಿದ್ವಾಂಸ ಜೇಮ್ಸ್ ಫೆನ್ನೆಲಿ ಕೃತಿಗಳಲ್ಲಿ ಚೆದುರಿಹೋಗಿದ್ದ ವಿವರಗಳನ್ನು ಕಲೆಹಾಕಿ ಮಾಲ್ಗುಡಿಯ ಭೂಪಟವನ್ನೇ ರಚಿಸಿದರು. ಊರಿಗೆ ಮೊದಲು ಕಣ್ಣಿಗೆ ಕಾಣುವ ರೂಪ ದೊರೆತದ್ದು ಮನೆಯೊಳಗಿನಿಂದಲೇ. ತಮ್ಮ ಆರ್.ಕೆ. ಲಕ್ಷ್ಮಣ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ‘ದಿ ಹಿಂದೂ’ ಪತ್ರಿಕೆಯಲ್ಲಿ ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ಮುಂದಿನ ಕೆಲವು ದೃಶ್ಯರೂಪಗಳಿಗೂ ಅವರ ರೇಖೆಗಳು ಜೊತೆಯಾದವು.

ಚಲನಚಿತ್ರದ ಒಂದು ಪ್ರಮುಖ ಪ್ರಯತ್ನ ಇದಕ್ಕೆ ವ್ಯತಿರಿಕ್ತವಾಗಿತ್ತು. 1958ರ ‘ದಿ ಗೈಡ್’ ಕಾದಂಬರಿಯನ್ನು ವಿಜಯ್ ಆನಂದ್ 1965ರಲ್ಲಿ ಹಿಂದಿಯಲ್ಲಿ ತೆರೆಗೆ ತಂದರು. ನಾರಾಯಣ್ ಚಿತ್ರತಂಡದವರಿಗೆ ಮೈಸೂರಿನ ಸುತ್ತಮುತ್ತಲ ಸ್ಥಳಗಳನ್ನು ತೋರಿಸಿದ್ದರೂ ಕಥೆ ರಾಜಸ್ಥಾನಕ್ಕೆ ವಲಸೆಹೋಯಿತು. ಚಿತ್ರ ಜನಪ್ರಿಯವಾಯಿತು, ಲೇಖಕರು ಮಾತ್ರ ತಮ್ಮ ಅಸಮಾಧಾನವನ್ನು ವ್ಯಂಗ್ಯಭರಿತ ಲೇಖನವೊಂದರಲ್ಲಿ ತೋಡಿಕೊಂಡರು. ನಿರ್ದಿಷ್ಟ ನೆಲೆ ಬೇಡವೆಂದವರಿಗೂ ಎಲ್ಲ ನೆಲೆಯೂ ಒಪ್ಪಿಗೆಯಾಗಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ.

ಈ ಕೊರತೆಯನ್ನು ತುಂಬಿದ್ದು 1986ರಲ್ಲಿ ದೂರದರ್ಶನದಲ್ಲಿ ಪ್ರಸಾರ ಆರಂಭಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ. ಟಿ.ಎಸ್. ನರಸಿಂಹನ್ ನಿರ್ಮಿಸಿ, ಶಂಕರನಾಗ್ ನಿರ್ದೇಶಿಸಿದ ಇದರ ಬಹುಭಾಗದ ಚಿತ್ರೀಕರಣ ಆಗುಂಬೆಯಲ್ಲಿ ನಡೆಯಿತು. ಜಾನ್ ದೇವರಾಜ್ ಅವರ ಕಲಾನಿರ್ದೇಶನ, ಎಲ್. ವೈದ್ಯನಾಥನ್ ಅವರ ಸಂಗೀತ, ಲಕ್ಷ್ಮಣ್ ಅವರ ರೇಖಾಚಿತ್ರಗಳು ಇದರಲ್ಲಿ ಸಂಗಮಿಸಿದವು. ಸ್ವಾಮಿಯಾಗಿ ಬಾಲನಟ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್ ಅಭಿನಯಿಸಿದರು. ಧಾರಾವಾಹಿಯ ಭಾಷೆ ಹಿಂದಿಯಾಗಿದ್ದರೂ ಹೆಂಚಿನ ಮಾಡು, ತೊಟ್ಟಿಮನೆ, ಜಗುಲಿ, ಮಳೆ ಎಲ್ಲವೂ ಮಲೆನಾಡಿನವು. ಕಲಾವಿದರಲ್ಲಿ ಅನೇಕರು ಕನ್ನಡ ರಂಗಭೂಮಿ ಮತ್ತು ಚಿತ್ರರಂಗದವರು. ಶಂಕರನಾಗ್ 1990ರಲ್ಲಿ ನಿಧನರಾದರು. ಕವಿತಾ ಲಂಕೇಶ್ 2006ರಲ್ಲಿ ಧಾರಾವಾಹಿಯ ಹೊಸ ಕಂತುಗಳನ್ನು ನಿರ್ದೇಶಿಸಿದರು.

ಧಾರಾವಾಹಿಯ ಪ್ರೇಕ್ಷಕರು ನೋಡಿದ್ದಕ್ಕೆ ತೃಪ್ತರಾಗಲಿಲ್ಲ. ಊರನ್ನೇ ಹುಡುಕಿಕೊಂಡು ಹೊರಟರು. ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆ ಯಾತ್ರಾಸ್ಥಳದಂತಾಯಿತು. ಶಿವಮೊಗ್ಗ-ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣದಲ್ಲಿ ಕೆಲವು ದೃಶ್ಯಗಳು ಚಿತ್ರಿತವಾಗಿದ್ದವು. ಅಲ್ಲಿನ ಹಳೆಯ ಕಟ್ಟಡ 2020ರಲ್ಲಿ ಜಾನ್ ದೇವರಾಜ್ ಅವರ ಕೈಯಿಂದಲೇ ಮಾಲ್ಗುಡಿ ಸಂಗ್ರಹಾಲಯವಾಗಿ ರೂಪುಗೊಂಡಿತು. ಮೈಸೂರು-ಯಲಹಂಕ ನಡುವೆ ಸಂಚರಿಸಿದ ರೈಲೊಂದಕ್ಕೂ ಮಾಲ್ಗುಡಿಯ ಹೆಸರಿಡಲಾಯಿತು. ಕಲ್ಪನೆಯಲ್ಲಿ ರೈಲುನಿಲ್ದಾಣದಿಂದ ಮೊದಲಾದ ಊರಿಗೆ ಹೀಗೆ ನಿಜವಾದ ನಿಲ್ದಾಣವೂ ರೈಲೂ ದೊರೆತವು.

ಈ ಅಭಿಮಾನದ ನಿಜವಾದ ಪರೀಕ್ಷೆ ನಡೆದದ್ದು ಮೈಸೂರಿನ ಯಾದವಗಿರಿಯಲ್ಲಿ. ನಾರಾಯಣ್ ಸ್ವತಃ ಕಟ್ಟಿಸಿ, ದಶಕಗಳ ಕಾಲ ಬರವಣಿಗೆ ನಡೆಸಿದ ಮನೆಯನ್ನು ಕೆಡವುವ ಕೆಲಸ 2011ರಲ್ಲಿ ಆರಂಭವಾಯಿತು. ಪತ್ರಿಕಾ ವರದಿಗಳೂ ಓದುಗರ ಪ್ರತಿಭಟನೆಯೂ ಅದನ್ನು ತಡೆದವು. ಸಾರ್ವಜನಿಕ ಹಣದಿಂದ ಮನೆಯನ್ನು ಕೊಂಡು, ದುರಸ್ತಿಗೊಳಿಸಿ, 2016ರಲ್ಲಿ ಸ್ಮಾರಕವಾಗಿ ತೆರೆಯಲಾಯಿತು. ಈ ನಡುವೆ ಕನ್ನಡದ ಕೆಲವು ಹಿರಿಯ ಲೇಖಕರು ಆಕ್ಷೇಪವೆತ್ತಿದರು: ಇಂಗ್ಲಿಷಿನಲ್ಲಿ ಬರೆದ, ಮನೆಮಾತು ತಮಿಳಾಗಿದ್ದ ಲೇಖಕನ ಸ್ಮಾರಕಕ್ಕೆ ಕನ್ನಡ ನಾಡಿನ ಹಣವೇಕೆ? ನಾಡಿನ ಹಣವನ್ನು ಯಾರ ನೆನಪಿಗೆ ಮೀಸಲಿಡಬೇಕೆಂಬ ಈ ಪ್ರಶ್ನೆ ಲಘುವಾದುದಲ್ಲ. ಕೃತಿಯ ಭಾಷೆಯೊಂದನ್ನೇ ಪ್ರಮಾಣವಾಗಿಟ್ಟುಕೊಂಡರೆ ಆಕ್ಷೇಪಕ್ಕೆ ಬಲವೂ ಇದೆ.

ಆದರೆ ಕೃತಿಯ ಚರಿತ್ರೆ ಬರೆದವನಲ್ಲಿಗೇ ಮುಗಿಯುವುದಿಲ್ಲ. ಎಚ್.ವೈ. ಶಾರದಾಪ್ರಸಾದ್ ಸ್ವಾಮಿಯ ಕಥೆಯನ್ನು ಕನ್ನಡಕ್ಕೆ ತಂದರು. ಕರ್ನಾಟಕದ ಪ್ರವಾಸಕಥನವಾದ ‘ದಿ ಎಮರಾಲ್ಡ್ ರೂಟ್’ ಅಣ್ಣನ ಬರಹ, ತಮ್ಮನ ಚಿತ್ರಗಳೊಡನೆ 1977ರಲ್ಲಿ ಹೊರಬಂದಿತು. ಮಾಲ್ಗುಡಿಗೆ ಮುಖ ಕೊಟ್ಟವರು ಕನ್ನಡದ ಕಲಾವಿದರು, ನೆಲ ಕೊಟ್ಟದ್ದು ಮಲೆನಾಡು. ಕಿಷ್ಕಿಂಧೆಯನ್ನು ತುಂಗಭದ್ರೆಯ ದಡದಲ್ಲಿ ಕಂಡ ಜನ, ಆ ಕಾವ್ಯ ಮೊದಲು ಯಾವ ಭಾಷೆಯಲ್ಲಿ ರಚಿತವಾಯಿತೆಂದು ಕೇಳಿದವರಲ್ಲ. ಆಗುಂಬೆಯನ್ನು ಮಾಲ್ಗುಡಿಯೆಂದು ಕರೆದವರ ನಡೆಯೂ ಅದೇ ಪರಂಪರೆಗೆ ಸೇರುತ್ತದೆ. ಆದ್ದರಿಂದ ಸಾಹಿತ್ಯ ಚರಿತ್ರೆಯ ಆಕರಗಳನ್ನು ಗುರುತಿಸುವಾಗ ಮುದ್ರಿತ ಪುಟದ ಜೊತೆಗೆ ಓದುಗರು ಬರೆದ ಭೂಪಟ, ಉಳಿಸಿಕೊಂಡ ಮನೆ, ಹೆಸರಿಟ್ಟ ರೈಲು ಇವುಗಳೂ ಪರಿಗಣನೆಗೆ ಅರ್ಹವಾಗುತ್ತವೆ.