ಕತ್ತಲೆಯ ಕಾಲದ ಕ್ರಿಸ್ಮಸ್

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಬೇಲಾಪುರದ ಬಾಲ್ಕನಿಗಳಲ್ಲಿ ಕಾಗದದ ನಕ್ಷತ್ರದೀಪಗಳು ತೂಗತೊಡಗುತ್ತವೆ. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಬಂಧುಗಳ ಮನೆಯಿಂದ ಕುಸ್ವಾರಿನ ತಟ್ಟೆ ನೆರೆಮನೆಗಳಿಗೆ ಹೋಗುತ್ತದೆ. ನೆವ್ರಿ, ಕಿಡಿಯೊ, ಅಕ್ಕಿಯ ಲಾಡುಗಳನ್ನು ಸವಿಯುವ ನಮಗೆಲ್ಲ ಅದೊಂದು ಸಂತೋಷದ ಹಬ್ಬ. ಆದರೆ ಈ ಹಬ್ಬದ ಮೂಲಕಥೆ ಸಂತೋಷದ ಕಾಲದಲ್ಲಿ ನಡೆದದ್ದಲ್ಲ. ನಾಡಿನಲ್ಲಿ ಪರಕೀಯ ರೋಮನರ ಆಳ್ವಿಕೆ. ಜನಗಣತಿಯ ಆಜ್ಞೆಯಂತೆ ತುಂಬು ಗರ್ಭಿಣಿಯೊಬ್ಬಳು ದೂರದ ಊರಿಗೆ ಪಯಣ ಮಾಡಬೇಕಾಯಿತು. ಛತ್ರದಲ್ಲಿ ಸ್ಥಳ ಸಿಗದೆ ಮಗುವನ್ನು ಗೋದಲಿಯಲ್ಲಿ ಮಲಗಿಸಬೇಕಾಯಿತು. ಹೆರೋದನ ಕತ್ತಿಗೆ ಹೆದರಿ ಆ ಕುಟುಂಬ ಈಜಿಪ್ತಿಗೆ ಓಡಿಹೋಯಿತೆಂದು ಸುವಾರ್ತೆ ಹೇಳುತ್ತದೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಕಥೆ ಅರ್ಥವಾಗಲು ದೊಡ್ಡ ವ್ಯಾಖ್ಯಾನವೇನೂ ಬೇಡ.

ನಮ್ಮ ಕರಾವಳಿಯ ಕ್ರೈಸ್ತರ ಚರಿತ್ರೆಯಲ್ಲಿಯೂ ಇಂಥ ಕತ್ತಲೆಯ ಕ್ರಿಸ್ಮಸ್‌ಗಳು ಬಂದುಹೋಗಿವೆ. ಅವುಗಳಲ್ಲಿ ಅತಿ ದೀರ್ಘವಾದುದು ಶ್ರೀರಂಗಪಟ್ಟಣದ ಸೆರೆ. ಎರಡನೆಯ ಆಂಗ್ಲೊ-ಮೈಸೂರು ಯುದ್ಧದಲ್ಲಿ ಕೆನರಾ ಸೀಮೆಯ ಕೆಥೋಲಿಕರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯ ಟಿಪ್ಪು ಸುಲ್ತಾನನಿಗಿತ್ತು. 1784ರ ಫೆಬ್ರವರಿಯ ಕೊನೆಯಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಅವರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣದ ಕಡೆಗೆ ನಡೆಸಲಾಯಿತು. ಸೆರೆಯಾದವರು 60,000 ಎಂದು ಕೆಲವರೂ 30,000 ಎಂದು ಕೆಲವರೂ ಬರೆದಿದ್ದಾರೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಸಾವಿರಾರು. ಅನೇಕರು ಬಲಾತ್ಕಾರದಿಂದ ಮತಾಂತರಗೊಂಡರು. ಇಗರ್ಜಿಗಳು ನೆಲಸಮವಾದವು, ಪಾದ್ರಿಗಳನ್ನು ಗೋವೆಗೆ ಅಟ್ಟಲಾಯಿತು. ಇದೇ ಟಿಪ್ಪು 1791ರಲ್ಲಿ ಮರಾಠಾ ಪಡೆಗಳಿಂದ ಹಾನಿಗೊಂಡ ಶೃಂಗೇರಿ ಮಠಕ್ಕೆ ನೆರವು ನೀಡಿದನೆಂಬುದೂ ಚರಿತ್ರೆಯೇ. ರಾಜರ ಲೆಕ್ಕಾಚಾರಗಳು ಒಂದೇ ಗೆರೆಯಲ್ಲಿ ನಡೆಯುವುದಿಲ್ಲ. ಅವುಗಳ ಬೆಲೆ ತೆರುವವರು ಮಾತ್ರ ಯಾವಾಗಲೂ ಸಾಮಾನ್ಯ ಜನ.

ಆ ಕಾಲದಲ್ಲಿಯೂ ಎಲ್ಲ ದೀಪಗಳೂ ಆರಲಿಲ್ಲ. ಮೂಡಬಿದಿರೆ ಸೀಮೆಯ ಇಗರ್ಜಿಯೊಂದು ಅಲ್ಲಿನ ಜೈನ ಅರಸರಾದ ಚೌಟರ ಕೋರಿಕೆಯಿಂದ ಉಳಿದುಕೊಂಡಿತೆಂದು ಸ್ಥಳೀಯ ಚರಿತ್ರೆ ನೆನೆಯುತ್ತದೆ. ನೆರೆಯವನ ದೇವಾಲಯಕ್ಕಾಗಿ ಬಲಿಷ್ಠನೊಬ್ಬನ ಮುಂದೆ ನಿಂತು ಮಾತನಾಡುವುದು ಅಂದು ಸುಲಭದ ಕೆಲಸವಾಗಿರಲಿಲ್ಲ, ಇಂದೂ ಅಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಯೂ ಮುಗಿಯಿತು. ಲೆಕ್ಕ ಹಾಕಿ ನೋಡಿದರೆ 1784ರಿಂದ 1798ರವರೆಗೆ ಹದಿನೈದು ಕ್ರಿಸ್ಮಸ್‌ಗಳು ಆ ಸೆರೆಯಲ್ಲಿ ಕಳೆದಿದ್ದವು. ಗಂಟೆಯಿಲ್ಲ, ಪೂಜೆಯಿಲ್ಲ, ಪಾದ್ರಿಯಿಲ್ಲ. ಆದರೂ ಬದುಕಿ ಉಳಿದವರಲ್ಲಿ ಸಾವಿರಾರು ಮಂದಿ ಕ್ರೈಸ್ತರಾಗಿಯೇ ಮಂಗಳೂರಿಗೆ ಮರಳಿದರು. ಸೆರೆಯಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಶಿಲುಬೆಯ ಗುರುತು ಮಾಡಲು ಕಲಿಸಿದವರು ಯಾರು? ಮನೆಯ ಅಜ್ಜಿ, ತಾಯಂದಿರಲ್ಲದೆ ಬೇರಾರು? ಮೈಸೂರು ಸೀಮೆಯಲ್ಲಿ ಉಳಿದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಫ್ರೆಂಚ್ ಪಾದ್ರಿ ದುಬ್ವಾ ಬಂದರು. ಅವರು ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕೆಲಸಕ್ಕೂ ಕೈಹಾಕಿದರು. ಮಂಗಳೂರಿಗೆ ಮರಳಿದವರು ಬೀಳುಬಿದ್ದ ಗದ್ದೆಗಳನ್ನು ಹಸನು ಮಾಡಿ, ಒಂದೊಂದಾಗಿ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು.

ಎರಡನೆಯ ಕತ್ತಲೆ ಬಂದದ್ದು ಪ್ರೊಟೆಸ್ಟಂಟ್ ಸಭೆಗಳ ಮೇಲೆ. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಶನ್ನಿನ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಟಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂತು. ಮಿಶನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಪಾದ್ರಿಗಳಲ್ಲಿ ಬಹುಮಂದಿ ಜರ್ಮನರು. 1914ರ ಆಗಸ್ಟಿನಲ್ಲಿ ಮಹಾಯುದ್ಧ ಹತ್ತಿಕೊಂಡಾಗ ಅವರೆಲ್ಲ ಒಮ್ಮೆಲೇ ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುಪ್ರಜೆಗಳಾದರು. ಸೈನಿಕ ವಯಸ್ಸಿನ ಜರ್ಮನರನ್ನು ನಮ್ಮ ಮಹಾರಾಷ್ಟ್ರದ ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಲಾಯಿತು, ಮಿಶನರಿಗಳೂ ಅವರಲ್ಲಿದ್ದರು. ಮುಂದೆ ಅದೇ ಊರಿನ ಕೋಟೆಯಲ್ಲಿ 1942ರಿಂದ ನೆಹರೂ ಅವರು ಸೆರೆಯಿದ್ದುದು ವಾಚಕರಿಗೆ ತಿಳಿದೇ ಇದೆ. 1915–16ರಲ್ಲಿ 'ಗೋಲ್ಕೊಂಡ' ಎಂಬ ಹಡಗು ಅಂಥ ಅನೇಕರನ್ನು ತುಂಬಿಕೊಂಡು ಯೂರೋಪಿಗೆ ಮರಳಿಸಿತು.

ಆ 1914ರ ಕ್ರಿಸ್ಮಸ್ ಜಗತ್ತಿನ ಚರಿತ್ರೆಯಲ್ಲಿಯೂ ಪ್ರಸಿದ್ಧ. ಬೆಲ್ಜಿಯಂ ಮತ್ತು ಫ್ರಾನ್ಸಿನ ಕೆಸರು ತುಂಬಿದ ಕಂದಕಗಳಲ್ಲಿ ಬ್ರಿಟಿಷ್ ಹಾಗೂ ಜರ್ಮನ್ ಸಿಪಾಯಿಗಳು ಅಲ್ಲಲ್ಲಿ ಬಂದೂಕು ಕೆಳಗಿಟ್ಟು, ಹಾಡು ಹಾಡಿ, ತಂಬಾಕು ಹಂಚಿಕೊಂಡು, ತಮ್ಮ ತಮ್ಮ ಸತ್ತವರನ್ನು ಹೂಳಿದರು. ಮೇಲಧಿಕಾರಿಗಳಿಗೆ ಅದು ಹಿಡಿಸಲಿಲ್ಲ, ಯುದ್ಧ ಮುಂದುವರಿಯಿತು. ಇತ್ತ ಕರಾವಳಿಯಲ್ಲಿ ದೊಡ್ಡ ಪಾದ್ರಿಗಳಿಲ್ಲದ ಸಭೆಗಳ ಭಾರವನ್ನು ಊರಿನ ಪಾದ್ರಿಗಳೂ ಉಪದೇಶಿಗಳೂ ಶಾಲಾ ಮಾಸ್ತರರೂ ಹೊತ್ತರು. ಕಾರ್ಖಾನೆಗಳು ಸರಕಾರದ ವಶವಾಗಿ ಕಡೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಹಂಚಿನ ಆವಿಗೆಯ, ಮಗ್ಗದ ಕೂಲಿಯನ್ನೇ ನಂಬಿದ್ದ ಕುಟುಂಬಗಳ ಎದೆ ಎಷ್ಟು ಹೊಡೆದುಕೊಂಡಿರಬೇಕು! ಆದರೆ ಪರದೇಶದ ಆಸರೆ ತಪ್ಪಿದಾಗಲೇ ಸ್ವಂತ ಕಾಲಿನ ಮೇಲೆ ನಿಲ್ಲುವ ಪಾಠವೂ ಮೊದಲಾಯಿತು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಆ ಪಾಠ ಫಲಕ್ಕೆ ಬಂದಿತ್ತು.

1918ರ ನವೆಂಬರ್ 11ರಂದು ಯುದ್ಧವೇನೋ ನಿಂತಿತು. ಆದರೆ ಅಷ್ಟರಲ್ಲಿ ಇನ್‌ಫ್ಲುಯೆಂಜಾ ಮಾರಿ ಬಂದಿತ್ತು. ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಜ್ವರ ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಬಲಿತೆಗೆದುಕೊಂಡಿತು. ಶಾಂತಿಯ ಮೊದಲ ಕ್ರಿಸ್ಮಸ್ ಎಷ್ಟೋ ಮನೆಗಳಲ್ಲಿ ಶೋಕದ ಕ್ರಿಸ್ಮಸ್ ಆಯಿತು.

ಒಂದು ಶತಮಾನದ ಬಳಿಕ ಅಂಥದೇ ದಿನಗಳನ್ನು ನಾವೂ ಕಂಡೆವು. 2020ರ ಡಿಸೆಂಬರ್ 22ರಿಂದ ಮಹಾರಾಷ್ಟ್ರದ ಮಹಾನಗರಪಾಲಿಕೆಗಳ ವ್ಯಾಪ್ತಿಯಲ್ಲಿ ರಾತ್ರಿ 11ರಿಂದ ಬೆಳಗಿನ 6ರವರೆಗೆ ಸಂಚಾರ ನಿರ್ಬಂಧ ಜಾರಿಯಾಯಿತು. ನವಿ ಮುಂಬಯಿಯಲ್ಲಿ ನಡುರಾತ್ರಿಯ ಪೂಜೆಗೆ ಆ ವರ್ಷ ಅವಕಾಶವಿರಲಿಲ್ಲ. ಊರಿಗೆ ಹೋಗಲಾಗದ ಮಕ್ಕಳು ಇಲ್ಲಿ, ದಾರಿ ಕಾಯುವ ತಂದೆತಾಯಿ ಅಲ್ಲಿ. ಆದರೂ ಬಾಲ್ಕನಿಯ ನಕ್ಷತ್ರಗಳು ಉರಿದವು. ಪೂಜೆಯನ್ನು ಫೋನಿನ ಪರದೆಯ ಮೇಲೆ ನೋಡಿದವರು ಎಷ್ಟೋ ಮಂದಿ.

ಈ ಮೂರು ಕಾಲಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕ್ರೈಸ್ತರು ಭರವಸೆ ಎಂದು ಕರೆಯುವುದು, ನಾಳೆ ಎಲ್ಲ ಸರಿಹೋದೀತೆಂಬ ಊಹೆಗಿಂತ ಗಟ್ಟಿಯಾದದ್ದು. ಕತ್ತಲೆ ಮುಗಿಯುವ ಮೊದಲೇ ದೇವರು ಅದರೊಳಗೆ ಬಂದು ನಮ್ಮೊಡನೆ ಕುಳಿತಿದ್ದಾನೆಂಬ ನಂಬಿಕೆ ಅದು. ಇಮ್ಮಾನುವೇಲ್ ಎಂಬ ಹೆಸರಿನ ಅರ್ಥವೇ 'ದೇವರು ನಮ್ಮೊಂದಿಗೆ' ಎಂದು. ಆ ನಂಬಿಕೆ ಸೆರೆಯಲ್ಲಿ ತಾಯಿಯ ಪಾಠವಾಯಿತು, ಯುದ್ಧದಲ್ಲಿ ಉಪದೇಶಿಯ ದುಡಿಮೆಯಾಯಿತು, ಮೂಡಬಿದಿರೆಯಲ್ಲಿ ಬೇರೆ ಮತದ ಅರಸನೊಬ್ಬನ ಧೈರ್ಯದ ಆಸರೆಯನ್ನೂ ಪಡೆಯಿತು.

ಈ ಸಲ ಕುಸ್ವಾರಿನ ತಟ್ಟೆ ಮನೆಗೆ ಬಂದಾಗ ಅದರ ಹಿಂದಿರುವ ದೀರ್ಘ ದಾರಿಯನ್ನು ಮಕ್ಕಳಿಗೆ ಹೇಳೋಣ. ಬರಿಯ ತಟ್ಟೆಯನ್ನು ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಅದರಲ್ಲಿ ನಮ್ಮ ಮನೆಯ ಸಿಹಿಯನ್ನಿಟ್ಟು ಕೊಟ್ಟುಬರೋಣ. ಎಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.